ಕಿಟಕಿಯಾಚೆ: ಎರಡು ಡಾಲರಿನ ಈಳಿಗೆಮಣೆ

ಜೂನ್ ಬಂತೆಂದರೆ ನಮ್ಮ ಕೂಟದ ತಾಯ್ತಂದೆಯರಿಗೆಲ್ಲ ಒಂದೇ ಚಿಂತೆ: ಶಾಲೆಗೆ ರಜೆ, ಮಕ್ಕಳನ್ನು ಎಲ್ಲಿಗೆ ಅಟ್ಟುವುದು? ಈಜು, ಟೆನಿಸ್ಸು, ಗಣಿತದ ಪಾಠ ಎಲ್ಲ ಮುಗಿದ ಮೇಲೆ ನಮ್ಮ ಮನೆಯವರು ಪತ್ತೆ ಹಚ್ಚಿದ್ದು ನೇಪರ್‌ವಿಲ್ಲಿನ ನೇಪರ್ ಸೆಟಲ್‌ಮೆಂಟ್ ಎಂಬ ಊರ ಚರಿತ್ರೆಯ ಮ್ಯೂಸಿಯಮ್ಮಿನ ಬೇಸಗೆ ಶಿಬಿರ. ಒಂದು ವಾರಕ್ಕೆ ಮಗಳನ್ನು ಸೇರಿಸಿದೆವು. ಮೊದಲ ದಿನ ಸಂಜೆ ಕಾರು ಹತ್ತಿದವಳೇ, "ಅಮ್ಮಾ, ಇವತ್ತು ನಾನು ಬೆಣ್ಣೆ ಮಾಡಿದೆ!" ಎಂದು ಕೂಗಿದಳು. ಮನೆಗೆ ಬಂದು ಅಜ್ಜಿಗೂ ವರದಿ ಒಪ್ಪಿಸಿದಳು. ಆರು ತಿಂಗಳ ಮಟ್ಟಿಗೆ ಹಾಸನದಿಂದ ಬಂದಿರುವ ನಮ್ಮತ್ತೆ ಎಲ್ಲ ಕೇಳಿ, "ನಲವತ್ತು ವರ್ಷ ದಿನಾ ಬೆಳಗ್ಗೆ ಬಿಟ್ಟಿ ಕಡೆದೆನಲ್ಲೇ ನಾನು. ಇಲ್ಲಿ ಅದಕ್ಕೆ ಫೀಸು ಬೇರೆ ಕಟ್ಟುತ್ತೀರಾ?" ಎಂದರು.

ಶನಿವಾರ ಅವರನ್ನೂ ಕರೆದುಕೊಂಡು ಹೋದೆವು. ಕಮ್ಮಾರನ ಕುಲುಮೆ, ಅಚ್ಚುಕೂಟ, ಮರದ ದಿಮ್ಮಿಗಳ ಮನೆ, ಒಂದೇ ಕೋಣೆಯ ಶಾಲೆ. ಜೋಸೆಫ್ ನೇಪರ್ ಎಂಬಾತ ಈ ಜಾಗಕ್ಕೆ ಬಂದು ನೆಲೆಸಿದ್ದು 1831ರಲ್ಲಿ. ಅದೇ ವರ್ಷ ನಮ್ಮ ಕಡೆ ಇಂಗ್ಲಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡರು. ಹಳೇಬೀಡಿನ ಗುಡಿಗಳ ನೆರಳಲ್ಲಿ ಬೆಳೆದ ಅತ್ತೆಗೆ ಇದು ನಿನ್ನೆ ಮೊನ್ನೆಯ ಸಂಗತಿ. "ಇಷ್ಟನ್ನೇ ಇಷ್ಟು ಜೋಪಾನವಾಗಿ ಇಟ್ಟಿದ್ದಾರಲ್ಲ!" ಎಂದು ಅವರು ಆಶ್ಚರ್ಯಪಟ್ಟರು. ಅದು ಹೊಗಳಿಕೆಯೋ ಹಂಗಿಸಿದ್ದೋ ನನಗೆ ತಿಳಿಯಲಿಲ್ಲ.

ಆದರೆ ಇಟ್ಟವರು ಯಾರು ಎಂದು ವಿಚಾರಿಸಿದಾಗ ನನಗೆ ಸ್ವಾರಸ್ಯ ಕಂಡಿತು. ಸರಕಾರ ತಾನಾಗಿ ಬಂದು ಇಟ್ಟದ್ದಲ್ಲ. 1864ರಲ್ಲಿ ಕಟ್ಟಿದ ಒಂದು ಚರ್ಚನ್ನು ಕೆಡವುವ ಮಾತು ಬಂದಾಗ ಊರಿನ ಕೆಲವರು ಸೇರಿ 1969ರಲ್ಲಿ ಒಂದು ಸಂಘ ಮಾಡಿಕೊಂಡು ಅದನ್ನು ಉಳಿಸಿದರು. ಅಲ್ಲಿಂದ ಬೆಳೆದದ್ದು ಈ ಸೆಟಲ್‌ಮೆಂಟು. 1883ರ ದೊಡ್ಡ ಇಟ್ಟಿಗೆಯ ಮನೆಯನ್ನು ಕ್ಯಾರೊಲೈನ್ ಮಾರ್ಟಿನ್ ಮಿಚೆಲ್ ಎಂಬಾಕೆ 1936ರಲ್ಲಿ ತೀರಿಕೊಂಡಾಗ ಊರಿಗೇ ಉಯಿಲು ಬರೆದು ಹೋಗಿದ್ದಳು. ಇನ್ನೊಂದು ಕಡೆ ಪ್ರೀ-ಎಂಪ್ಷನ್ ಹೌಸ್ ಎಂಬ 1834ರ ಛತ್ರ. ಅದನ್ನು 1946ರಲ್ಲಿ ಕೆಡವಿಬಿಟ್ಟಿದ್ದರು. ಈಗ ಅಲ್ಲಿ ನಿಂತಿರುವುದು ಅದರ ನಕಲು. ಒಮ್ಮೆ ಕೆಡವಿ, ಬುದ್ಧಿ ಬಂದ ಮೇಲೆ ಮತ್ತೆ ದುಡ್ಡು ಸುರಿದು ಕಟ್ಟಿದ್ದು.

ಜುಲೈ ನಾಲ್ಕರ ರಜೆಗೆ ಡೆಟ್ರಾಯಿಟ್ ಕಡೆ, ಟ್ರಾಯ್‌ನಲ್ಲಿರುವ ನಾದಿನಿಯ ಮನೆಗೆ ಹೋದೆವು. ಅಲ್ಲೂ ಅದೇ ಕತೆ. ಅವರ ಊರಿನ ಹಿಸ್ಟಾರಿಕ್ ವಿಲೇಜಿನಲ್ಲಿ 1877ರ ಪಾಪಲ್‌ಟನ್ ಶಾಲೆಯಿದೆ. ನಾದಿನಿಯ ಮಗ ಅಲ್ಲಿ ಹಲಗೆ ಬಳಪ ಹಿಡಿದು ಕೂತದ್ದನ್ನು ವರ್ಣಿಸುತ್ತಿದ್ದರೆ, ಅವರ ಯಜಮಾನರು ತುಮಕೂರು ಜಿಲ್ಲೆಯ ತಮ್ಮ ಹಳ್ಳಿಯ ಶಾಲೆಯನ್ನು ನೆನೆದು ಮುಗುಳ್ನಗುತ್ತಿದ್ದರು. ಮಾರನೆಯ ದಿನ ಡಿಯರ್‌ಬಾರ್ನಿನ ಗ್ರೀನ್‌ಫೀಲ್ಡ್ ವಿಲೇಜು. ಎಡಿಸನ್ನನ ಪ್ರಯೋಗಶಾಲೆಯನ್ನು ಹೆನ್ರಿ ಫೋರ್ಡ್ ನ್ಯೂಜೆರ್ಸಿಯ ಮೆನ್ಲೋ ಪಾರ್ಕಿನಿಂದ ತಂದು ಇಲ್ಲಿ ಎಬ್ಬಿಸಿ ನಿಲ್ಲಿಸಿದ್ದಾನೆ. ಸಾಲದ್ದಕ್ಕೆ ಅಲ್ಲಿನ ಕೆಂಪು ಮಣ್ಣನ್ನೂ ತರಿಸಿದ್ದ. 1929ರ ಅಕ್ಟೋಬರ್ 21ರಂದು, ದೀಪ ಕಂಡುಹಿಡಿದ ಐವತ್ತನೆಯ ವರ್ಷಕ್ಕೆ, ಮುದುಕ ಎಡಿಸನ್ನನನ್ನೇ ಕರೆಸಿ ಮತ್ತೆ ಹೊತ್ತಿಸಿ ತೋರಿಸುವಂತೆ ಮಾಡಿದ. ಅಂದು ಎಡಿಸನ್ ಕೂತ ಕುರ್ಚಿಯನ್ನು ನೆಲಕ್ಕೆ ಮೊಳೆ ಹೊಡೆದು ಹಾಗೆಯೇ ಇಟ್ಟಿದ್ದಾರೆ. ಕಪಾಟಿನ ತುಂಬ ರಾಸಾಯನಿಕದ ಶೀಷೆಗಳು. ನಾನು ನೋಡುತ್ತ ನಿಂತುಬಿಟ್ಟೆ. ನಮ್ಮ ಲ್ಯಾಬಿನ ಕುರ್ಚಿಗೆ ಯಾರೂ ಮೊಳೆ ಹೊಡೆಯುವ ಸಂಭವವಿಲ್ಲ, ಅದಿರಲಿ.

ಎಡಿಸನ್ನನಿಗೆ ಫೋರ್ಡ್ ಇದ್ದ. ನಮಗೆ ಯಾರಿದ್ದಾರೆ? ಅದೇ ಡಿಯರ್‌ಬಾರ್ನಿನಲ್ಲಿ 2005ರಿಂದ ಅರಬ್ಬರದೊಂದು ಮ್ಯೂಸಿಯಂ ಇದೆ. ತಾತ ಮುತ್ತಾತ ಹಡಗಿನಲ್ಲಿ ಬಂದಾಗ ತಂದ ಪೆಟ್ಟಿಗೆ, ಪಟ, ಪತ್ರಗಳನ್ನು ಮನೆಮನೆಯವರು ಕೊಟ್ಟು ತುಂಬಿಸಿದ್ದು. ನಮ್ಮ ಕಡೆ ಲೊಂಬಾರ್ಡಿನಲ್ಲಿಯೂ ರಾಷ್ಟ್ರೀಯ ಇಂಡೋ-ಅಮೆರಿಕನ್ ಮ್ಯೂಸಿಯಂ 2021ರಲ್ಲಿ ಬಾಗಿಲು ತೆರೆದಿದೆ. ಸಂತೋಷ. ಆದರೆ ಮ್ಯೂಸಿಯಂ ಬಂತೆಂದು ನಮ್ಮ ಸಾಮಾನು ತಾನಾಗಿ ನಡೆದುಕೊಂಡು ಹೋಗುವುದಿಲ್ಲ. 1965ರ ವಲಸೆ ಕಾಯಿದೆಯಾದ ಮೇಲೆ ಬಂದ ನಮ್ಮ ಮೊದಲ ತಲೆಮಾರಿನವರಿಗೆ ಈಗ ಎಂಬತ್ತು ದಾಟಿದೆ. ದೊಡ್ಡ ಮನೆ ಮಾರಿ ಚಿಕ್ಕ ಮನೆಗೆ ಹೋಗುತ್ತಿದ್ದಾರೆ. ಹೋದ ವರ್ಷ ಹೀಗೆಯೇ ಒಂದು ಮನೆ ಖಾಲಿಯಾದಾಗ ಕೂಟದ ಹಳೆಯ ಸಂಚಿಕೆಗಳ ಪೆಟ್ಟಿಗೆಯೊಂದು ಕಸದ ಲಾರಿ ಸೇರಿತು. ನಮಗೆ ತಿಳಿದದ್ದು ಎರಡು ವಾರ ಕಳೆದ ಮೇಲೆ.

ಅದಕ್ಕೇ ಈ ಸಲದ ಪಿಕ್ನಿಕ್ಕಿನಲ್ಲಿ ಚಿತ್ರಾನ್ನದ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ, "ಬರುವಾಗ ಹೊತ್ತು ತಂದದ್ದು" ಎಂದು ಬೋರ್ಡು ಬರೆದೆವು. ಮಗಳ ಶಿಬಿರದಲ್ಲಿ ಪರಿಚಯವಾದ ಸ್ವಯಂಸೇವಕಿಯೊಬ್ಬರು, ನಿವೃತ್ತ ಟೀಚರು, ಒಂದು ಕಟ್ಟು ಕಾರ್ಡು ಹಿಡಿದು ಬಂದರು. ಆಕೆಯ ಪ್ರಶ್ನೆಗಳು ಬಹಳ ಸರಳ. ಇದು ಏನು? ಯಾರದು? ಎಲ್ಲಿ ಕೊಂಡದ್ದು? ಯಾವಾಗ ಬಂತು? ಯಾಕೆ ತಂದಿರಿ? ಈ ಐದಕ್ಕೆ ಉತ್ತರವಿಲ್ಲದಿದ್ದರೆ ಮ್ಯೂಸಿಯಮ್ಮಿಗೆ ಅದು ಬರೀ ಕಬ್ಬಿಣ, ಬರೀ ಹಿತ್ತಾಳೆ ಎಂದರು. ರಾಮನಗರದ ಜಾನಪದ ಲೋಕ ಕಟ್ಟಿದ ಎಚ್. ಎಲ್. ನಾಗೇಗೌಡರ ನೆನಪಾಯಿತು. ನೇಗಿಲು, ಒನಕೆಗಳಲ್ಲಿ ನೋಡುವಂಥದು ಏನಿದೆ ಎನ್ನುವವರ ನಡುವೆಯೇ ಅವರೂ ಕೂಡಿಟ್ಟರಲ್ಲ.

ಏರೋಗ್ರಾಮುಗಳು ಬಂದವು, ಕಾಫಿ ಫಿಲ್ಟರು ಬಂತು, ಒಂದು ಚೌಕಾಬಾರದ ಮಣೆಯೂ ಬಂತು. ಕೂಟದವರೆಲ್ಲ ದೊಡ್ಡಮ್ಮ ಎಂದೇ ಕರೆಯುವ ಹಿರಿಯರು ಈಳಿಗೆಮಣೆ ತಂದಿದ್ದರು. ಮರದ ಮೇಲೆ ಎರಡು ಡಾಲರ್ ಎಂಬ ಕಿತ್ತಳೆ ಬಣ್ಣದ ಚೀಟಿ ಅಂಟಿತ್ತು. ಮಗ ಗರಾಜ್ ಸೇಲಿಗೆ ಇಟ್ಟಿದ್ದನಂತೆ. ಇದು ಏನೆಂದು ಯಾರಿಗೂ ತಿಳಿಯದ್ದರಿಂದ ಉಳಿಯಿತು! 1971ರಲ್ಲಿ ಓಹೇರ್ ನಿಲ್ದಾಣದ ಕಸ್ಟಮ್ಸಿನವನು ಇದು ಯಾವ ಆಯುಧ ಎಂದು ತಡೆದನಂತೆ. ದೊಡ್ಡಮ್ಮನಿಗೆ ಆಗ ಇಂಗ್ಲಿಷ್ ಅಷ್ಟಕ್ಕಷ್ಟೇ. ಅಲ್ಲೇ ನೆಲದ ಮೇಲೆ ಕೂತು, ಮಣೆಯ ಮೇಲೆ ಕಾಲಿಟ್ಟು, ಬರಿಗೈಯಲ್ಲಿ ಇಲ್ಲದ ಬದನೆಕಾಯಿ ಹೆಚ್ಚಿ ತೋರಿಸಿದರಂತೆ. ಅವನು ನಕ್ಕು ಬಿಟ್ಟುಕೊಟ್ಟ. ಇಷ್ಟನ್ನೂ ಅವರು ಕನ್ನಡದಲ್ಲಿ ಹೇಳಿದರು, ಅವರ ಮೊಮ್ಮಗಳು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಆ ಹುಡುಗಿ ಈ ಕತೆ ಕೇಳಿದ್ದು ಅದೇ ಮೊದಲು. ಯಾಕೆ ತಂದಿರಿ ಎಂಬ ಪ್ರಶ್ನೆಗೆ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಕೊಟ್ಟಳು. ಬೇಡ ಅನ್ನೋಕೆ ಬಾಯಿ ಬರಲಿಲ್ಲ" ಎಂದರು. ಅವರಮ್ಮನನ್ನು ಅವರು ಮತ್ತೆ ನೋಡಲಿಲ್ಲವೆಂಬುದು ಕಾರ್ಡಿನಲ್ಲಿ ಕೊನೆಯ ಸಾಲಾಗಿ ಸೇರಿತು.

ಇನ್ನು ನನ್ನ ಕಸುಬಿನ ಮಾತು. ಕಬ್ಬಿಣ, ಹಿತ್ತಾಳೆಗೆ ಆತುರವಿಲ್ಲ, ಕಾಗದಕ್ಕೆ ಇದೆ. ನಮ್ಮ ಹಳೆಯ ಸಂಚಿಕೆಗಳನ್ನು ಮೇಣದ ಸ್ಟೆನ್ಸಿಲ್ಲಿನ ಮೇಲೆ ಕಡ್ಡಿಯಿಂದ ಕೈಯಲ್ಲೇ ಕೊರೆದು ಅಚ್ಚು ಹಾಕಿದ್ದರು. ಮಸಿ ಇನ್ನೂ ಕಪ್ಪಗಿದೆ, ಏಕೆಂದರೆ ಅದರಲ್ಲಿರುವುದು ಇಂಗಾಲ. ಸಾಯುತ್ತಿರುವುದು ಕಾಗದ. ಆ ಅಗ್ಗದ ಕಾಗದಕ್ಕೆ ಮಸಿ ಹರಡದಿರಲೆಂದು ಪಟಿಕದ ಜಾತಿಯ ಲವಣವನ್ನೂ ಮರದ ರಾಳವನ್ನೂ ಸೇರಿಸುತ್ತಿದ್ದರು. ಗಾಳಿಯ ತೇವ ತಾಗಿದಂತೆಲ್ಲ ಅದರಿಂದ ಆಮ್ಲ ಹುಟ್ಟಿ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳನ್ನು ತುಂಡರಿಸುತ್ತದೆ. ಕೊನೆಗೆ ಮಡಿಸಿದರೆ ಹಪ್ಪಳದಂತೆ ಮುರಿಯುತ್ತದೆ. 1970ರ ದಶಕದ ಬಣ್ಣದ ಫೋಟೋಗಳಲ್ಲಿ ಆಕಾಶವೂ ಹುಲ್ಲೂ ಕೆಂಪಡರಿರುವುದನ್ನು ನೋಡಿರಬಹುದು. ಮೂರು ಬಣ್ಣಗಳಲ್ಲಿ ಹಸಿರು ಬೆರೆತ ನೀಲಿಯೇ ಬೇಗ ಹೋಗುವುದು, ಕತ್ತಲೆಯಲ್ಲಿಟ್ಟರೂ ಹೋಗುತ್ತದೆ. ಮದುವೆಯ ಸೀರೆಯ ಬಣ್ಣ ಏನೆಂದು ಇನ್ನು ಬಾಯಲ್ಲೇ ಹೇಳಬೇಕು. ಹಳೆಯ ಫಿಲಂ ಸುರುಳಿಯ ಡಬ್ಬ ತೆಗೆದಾಗ ವಿನೆಗರಿನ ವಾಸನೆ ಬಂದರೆ ಅದನ್ನು ಉಳಿದ ಡಬ್ಬಗಳಿಂದ ದೂರವಿಟ್ಟು ಬೇಗ ನಕಲು ಮಾಡಿಸಿ. ಹುಟ್ಟಿದ ಆಮ್ಲವೇ ಮತ್ತಷ್ಟು ಆಮ್ಲವನ್ನು ಹುಟ್ಟಿಸುತ್ತದೆ.

ಅಟ್ಟ ಬೇಡ, ಬೇಸ್‌ಮೆಂಟೂ ಬೇಡ. ಮಲಗುವ ಕೋಣೆಯ ಕಪಾಟು ಒಳ್ಳೆಯದು. ಆಮ್ಲರಹಿತ ಡಬ್ಬ ಅಂಗಡಿಯಲ್ಲಿ ಸಿಗುತ್ತದೆ. ಅಂಟಿಸುವ ಆಲ್ಬಮ್ಮುಗಳನ್ನು ನಂಬಬೇಡಿ. ಫೋಟೋ ಹಿಂದೆ ಹೆಸರನ್ನು ಪೆನ್ಸಿಲಿನಲ್ಲಿ ಹಗುರವಾಗಿ ಬರೆಯಿರಿ.

ಕೂಟದ ಮೊದಲ ವರ್ಷಗಳ ಸಂಚಿಕೆ ಯಾರ ಮನೆಯಲ್ಲಾದರೂ, ಒಂದೇ ಹಾಳೆಯಾದರೂ, ಇದ್ದರೆ ದಯವಿಟ್ಟು ತಿಳಿಸಿ. ತುಕ್ಕು ಹಿಡಿದ ಪಿನ್ನನ್ನು ನೀವು ಕೀಳಲು ಹೋಗಬೇಡಿ, ಕಾಗದ ಹರಿಯುತ್ತದೆ. ನಾನೇ ಬಂದು ಕೀಳುತ್ತೇನೆ. ಕಾಫಿ ಕೊಟ್ಟರೆ ಸಾಕು. ಈಳಿಗೆಮಣೆಯ ಚೀಟಿಯನ್ನೂ ಹೀಗೆಯೇ ಜಾಗ್ರತೆಯಾಗಿ ಬಿಡಿಸಿ ಕೊಡುತ್ತೇನೆಂದೆ, ದೊಡ್ಡಮ್ಮ ಒಪ್ಪಲಿಲ್ಲ. "ಇರಲಿ ಬಿಡು, ನನ್ನ ಮಗ ಕಟ್ಟಿದ ಬೆಲೆ" ಎಂದು ನಕ್ಕರು. ಮಗ ಅಲ್ಲೇ ಪಕ್ಕದಲ್ಲಿ ನಿಂತು ಜೋಳದ ತೆನೆ ಸುಡುತ್ತಿದ್ದ.