ಎಲ್ಲರೂ ಕೈ ಎತ್ತಿದರೆ ಸಾಕೇ?

ಮಕ್ಕಳೇ, ಕಲಬುರಗಿಯ ಐವಾನ್-ಎ-ಶಾಹಿ ಎಂಬ ಹೆಸರನ್ನು ನೀವು ಕೇಳಿರಬೇಕು. ಅದು ನಿಜಾಮರ ಕಾಲದ ಅತಿಥಿಗೃಹ. ಸುತ್ತಲಿನ ಬಡಾವಣೆಗೂ ಅದೇ ಹೆಸರು. ಶಾಲೆಯಿಂದ ಜಿಲ್ಲಾ ವಿಜ್ಞಾನ ಕೇಂದ್ರ ನೋಡಲು ಹೋದವರು ಅಲ್ಲಿಗೇ ಹೋಗಿರುತ್ತೀರಿ. ‘ಐವಾನ್’ ಎಂದರೆ ಪಾರಸಿ ಭಾಷೆಯಲ್ಲಿ ಅರಮನೆ, ದೊಡ್ಡ ಹಜಾರ. ‘ಶಾಹಿ’ ಎಂದರೆ ರಾಜನಿಗೆ ಸೇರಿದ್ದು. ಈ ‘ಶಾಹ್’ ಚದುರಂಗದ ಮಣೆಯ ಮೇಲೂ ಕುಳಿತಿದ್ದಾನೆ, ಗೊತ್ತೇ? ಎದುರಾಳಿಯ ರಾಜನಿಗೆ ಕುತ್ತು ತರುವ ನಡೆ ನಡೆಸಿದಾಗ ‘ಶಹ’ ಎಂದು ಕೂಗುತ್ತೇವಲ್ಲ, ಆ ಶಹ ಇವನೇ. ಇಂಗ್ಲಿಷಿನ ‘ಚೆಸ್’, ‘ಚೆಕ್’ ಎಂಬ ಪದಗಳು ಹುಟ್ಟಿದ್ದೂ ಇದೇ ಬೇರಿನಿಂದ.

ಚದುರಂಗದಲ್ಲಿ ಸಾಮಾನ್ಯವಾಗಿ ಈ ಕಡೆ ಒಬ್ಬರು, ಆ ಕಡೆ ಒಬ್ಬರು ಇರುತ್ತಾರೆ. ಒಂದು ಕಡೆ ಒಬ್ಬ ಚಾಂಪಿಯನ್ ಕುಳಿತು, ಇನ್ನೊಂದು ಕಡೆ ಐವತ್ತು ಸಾವಿರ ಜನ ಕುಳಿತರೆ? ಕಾಯಿ ಮುಟ್ಟುವವರು ಯಾರು?

ಇಂಥ ಆಟ ನಿಜವಾಗಿಯೂ ನಡೆದಿದೆ. 1999ರ ಜೂನ್ 21ರಂದು ಗ್ಯಾರಿ ಕಾಸ್ಪರೋವ್ ಬಿಳಿ ಕಾಯಿಗಳೊಂದಿಗೆ ಆಟ ಆರಂಭಿಸಿದರು. 1985ರಲ್ಲಿ, ತಮ್ಮ 22ನೇ ವಯಸ್ಸಿನಲ್ಲಿ, ವಿಶ್ವ ಚಾಂಪಿಯನ್ ಆಗಿದ್ದವರು ಅವರು. ಕಪ್ಪು ಕಾಯಿಗಳು ‘ಜಗತ್ತಿ’ನವು. ಮೈಕ್ರೋಸಾಫ್ಟ್ ಕಂಪನಿ ಅಂತರಜಾಲದಲ್ಲಿ ಏರ್ಪಡಿಸಿದ್ದ ಈ ಆಟದಲ್ಲಿ 75ಕ್ಕೂ ಹೆಚ್ಚು ದೇಶಗಳ 50,000ಕ್ಕೂ ಹೆಚ್ಚು ಮಂದಿ ಸೇರಿಕೊಂಡರು. ಕಾಸ್ಪರೋವ್ ಒಂದು ನಡೆ ನಡೆಸುತ್ತಿದ್ದರು. ಜಗತ್ತಿನವರು ಒಂದು ದಿನ ಯೋಚಿಸಿ ಮತ ಹಾಕುತ್ತಿದ್ದರು. ಯಾವ ನಡೆಗೆ ಹೆಚ್ಚು ಮತ ಬಿತ್ತೋ ಅದೇ ಕಪ್ಪಿನ ನಡೆ. ಹೀಗೆ ಒಂದೇ ಆಟ ನಾಲ್ಕು ತಿಂಗಳು ನಡೆಯಿತು!

ಜಗತ್ತಿನ ತಂಡಕ್ಕೆ ಸಲಹೆ ಕೊಡಲು ನಾಲ್ವರನ್ನು ನೇಮಿಸಿದ್ದರು. ನಾಲ್ವರೂ ಇಪ್ಪತ್ತು ದಾಟದವರು. ಅವರಲ್ಲಿ ಐರಿನಾ ಕ್ರುಷ್ ಎಂಬ ಅಮೆರಿಕದ ಹುಡುಗಿಗೆ ಆಗ 15 ವರ್ಷ. ಹತ್ತನೇ ನಡೆಯಲ್ಲಿ ಈಕೆ ಮಂತ್ರಿಯದೊಂದು (ಕೆಲವರು ರಾಣಿ ಎನ್ನುತ್ತಾರೆ) ಹೊಸ ನಡೆ ಸೂಚಿಸಿದಳು. ಜಗತ್ತು ಅದನ್ನೇ ಆಡಿತು. ಆಟ ಇದ್ದಕ್ಕಿದ್ದಂತೆ ಬಿಕ್ಕಟ್ಟಾಯಿತು. ಸುಲಭವಾಗಿ ಗೆಲ್ಲುತ್ತಾರೆಂದು ಎಲ್ಲರೂ ಭಾವಿಸಿದ್ದ ಕಾಸ್ಪರೋವ್ ಬೆವರಬೇಕಾಯಿತು. ಬೇರೆ ಯಾವ ಆಟಕ್ಕೂ ತಾನು ಇಷ್ಟೊಂದು ಶ್ರಮ ಹಾಕಿರಲಿಲ್ಲ ಎಂದು ಅವರೇ ಮುಂದೆ ಹೇಳಿದರು.

ಇದಕ್ಕೂ ಮೂರು ವರ್ಷ ಮುಂಚೆ, 1996ರಲ್ಲಿ, ಇಂಥದೇ ಇನ್ನೊಂದು ಆಟ ನಡೆದಿತ್ತು. ಆಗ ಜಗತ್ತಿನ ಎದುರು ಕುಳಿತವರು ಅನಾತೊಲಿ ಕಾರ್ಪೋವ್. 1985ರಲ್ಲಿ ಕಾಸ್ಪರೋವ್ ಸೋಲಿಸಿದ್ದು ಇವರನ್ನೇ. ಅಂದು ಆಟ ಒಂದೇ ದಿನದಲ್ಲಿ ಮುಗಿಯಿತು. ಮತ ಹಾಕುವುದಿತ್ತು, ಕುಳಿತು ಚರ್ಚಿಸಲು ಪುರುಸೊತ್ತು ಇರಲಿಲ್ಲ. ಕಾರ್ಪೋವ್ 32 ನಡೆಗಳಲ್ಲಿ ಸಲೀಸಾಗಿ ಗೆದ್ದರು.

ಎರಡೂ ಕಡೆ ಗುಂಪೇ. ಒಂದು ಗುಂಪು ಬೇಗ ಮಣ್ಣು ಮುಕ್ಕಿತು, ಇನ್ನೊಂದು ಚಾಂಪಿಯನ್ನನನ್ನೇ ನಾಲ್ಕು ತಿಂಗಳು ಕಾಡಿತು. ಏಕೆ?

‘ಜನ ಹೆಚ್ಚಾದಷ್ಟೂ ಬುದ್ಧಿ ಹೆಚ್ಚು’ ಎಂದು ವಾದಿಸುವವರು ಒಂದು ಪ್ರಸಿದ್ಧ ಪ್ರಸಂಗ ಹೇಳುತ್ತಾರೆ. 1906ರಲ್ಲಿ ಇಂಗ್ಲೆಂಡಿನ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಸ್ಪರ್ಧೆ ಇತ್ತು. ಕೊಬ್ಬಿದ ಎತ್ತೊಂದನ್ನು ನೋಡಿ, ಅದರ ಮಾಂಸ ಎಷ್ಟು ತೂಗುತ್ತದೆಂದು ಚೀಟಿಯಲ್ಲಿ ಬರೆದುಕೊಡಬೇಕು. ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಆ ಪೈಕಿ 787 ಚೀಟಿಗಳನ್ನು ಪಡೆದು, ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ಜೋಡಿಸಿ, ನಟ್ಟನಡುವಿನ ಉತ್ತರ ನೋಡಿದರು. ಅದು 1207 ಪೌಂಡು. ನಿಜವಾದ ತೂಕ 1198 ಪೌಂಡು. ನಮ್ಮ ಲೆಕ್ಕದಲ್ಲಿ ಸುಮಾರು 543 ಕಿಲೋಗೆ ನಾಲ್ಕೇ ಕಿಲೋ ವ್ಯತ್ಯಾಸ! ಕೆಲವರು ಹೆಚ್ಚು ಹೇಳಿದ್ದರು, ಕೆಲವರು ಕಡಿಮೆ. ತಪ್ಪುಗಳು ಒಂದನ್ನೊಂದು ಸರಿದೂಗಿಸಿದ್ದವು.

ಆದರೆ ಚದುರಂಗಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಅರ್ಧ ಜನ ‘ಕುದುರೆ ನಡೆಸಿ’ ಎಂದು, ಇನ್ನರ್ಧ ಜನ ‘ಆನೆ ನಡೆಸಿ’ ಎಂದರೆ ಎರಡರ ಸರಾಸರಿ ತೆಗೆದು ಏನನ್ನು ನಡೆಸುತ್ತೀರಿ? ಇಲ್ಲಿ ಒಂದು ನಡೆ ಗೆಲ್ಲಬೇಕು, ಉಳಿದವು ಬೀಳಬೇಕು.

ಇನ್ನೊಂದು ಲೆಕ್ಕ ನೋಡಿ. 1785ರಲ್ಲಿ ಕಾಂಡೋರ್ಸೆ ಎಂಬ ಫ್ರೆಂಚ್ ಗಣಿತಜ್ಞ ಇದನ್ನು ತೋರಿಸಿಕೊಟ್ಟ. ಮೂವರು ಗೆಳತಿಯರಿದ್ದಾರೆ. ಪ್ರತಿಯೊಬ್ಬಳೂ 10 ಪ್ರಶ್ನೆಗಳಲ್ಲಿ 6ಕ್ಕೆ ಸರಿ ಉತ್ತರ ಹೇಳಬಲ್ಲಳು ಎನ್ನಿ. ಒಬ್ಬರನ್ನೊಬ್ಬರು ನೋಡದೆ ಉತ್ತರಿಸಿ ಬಹುಮತ ತೆಗೆದರೆ 100 ಪ್ರಶ್ನೆಗಳಲ್ಲಿ ಸುಮಾರು 65 ಸರಿಯಾಗುತ್ತವೆ. ಒಬ್ಬಳಿಗಿಂತ ಮೂವರು ಮೇಲು, ಅಲ್ಲವೇ? ಆದರೆ ಪ್ರತಿಯೊಬ್ಬಳೂ 10ರಲ್ಲಿ 4 ಮಾತ್ರ ಸರಿ ಹೇಳುವವಳಾದರೆ ಬಹುಮತದ ಉತ್ತರ 100ರಲ್ಲಿ ಸುಮಾರು 35 ಸಲ ಮಾತ್ರ ಸರಿ. ಜನ ಹೆಚ್ಚಿದಷ್ಟೂ ಅದು ಇನ್ನೂ ಕೆಡುತ್ತದೆ! ತಿಳಿಯದವರ ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ. ಇನ್ನು ಒಬ್ಬಳನ್ನು ನೋಡಿ ಉಳಿದಿಬ್ಬರೂ ಬರೆದರೆ ಮೂರು ಉತ್ತರ ಇದ್ದಂತೆ ಕಂಡರೂ ಇರುವುದು ಒಂದೇ.

ಇದನ್ನು ನಾನು ಕಣ್ಣಾರೆ ಕಂಡದ್ದು ಒಂದು ಶಾಲೆಯ ಏಳನೇ ತರಗತಿಯಲ್ಲಿ. ನಮ್ಮ ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಅಂದೂ ಏಪ್ರಿಲ್ ತಿಂಗಳು, ಫ್ಯಾನು ತಿರುಗುತ್ತಿರಲಿಲ್ಲ. ‘ಬೇಸಿಗೆಯಲ್ಲಿ ಸೂರ್ಯ ನಮಗೆ ಹತ್ತಿರವಾಗುವುದರಿಂದ ಇಷ್ಟು ಸೆಕೆ. ಹೌದು ಎನ್ನುವವರು ಕೈ ಎತ್ತಿ’ ಎಂದೆ. ಮುಂದಿನ ಬೆಂಚಿನ ಜಾಣ ಹುಡುಗ ತಟ್ಟನೆ ಕೈ ಎತ್ತಿದ. ಅವನ ಹಿಂದೆ ಇಡೀ ತರಗತಿಯ ಕೈಗಳು ಎದ್ದವು. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮಾತ್ರ ಅತ್ತಿತ್ತ ನೋಡಿ, ಕೊನೆಗೆ ಮೆಲ್ಲಗೆ ಅರ್ಧ ಕೈ ಎತ್ತಿದಳು.

‘ನಿನಗೇನು ಅನುಮಾನ?’ ಎಂದು ಕೇಳಿದೆ.

‘ಭೂಮಿ ಸೂರ್ಯಗ ಹತ್ರ ಬರೋದು ಜನವರಿದಾಗ ಅಂತ ಓದೀನ್ರಿ ಸರ್.’

‘ಮತ್ತೆ ಕೈ ಯಾಕೆ ಎತ್ತಿದೆ?’

‘ಎಲ್ಲಾರೂ ಎತ್ಯಾರ್ರಿ. ನಾ ಒಬ್ಬಾಕಿ ಹ್ಯಾಂಗ ಸುಮ್ ಕೂಡ್ಲಿ?’

ಆಕೆ ಓದಿದ್ದು ಸರಿ. ಜನವರಿ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿರುತ್ತದೆ, ಜುಲೈ ಮೊದಲ ವಾರದಲ್ಲಿ ಸುಮಾರು 15.2 ಕೋಟಿ. ಬೇಸಿಗೆಯ ಸೆಕೆಗೆ ಭೂಮಿಯ ಅಕ್ಷದ ವಾಲುವಿಕೆ ಕಾರಣ. ಅದರಿಂದಲೇ ಆಗ ಬಿಸಿಲು ನಮ್ಮ ನೆತ್ತಿಯ ಮೇಲೆ ನೇರವಾಗಿ ಬೀಳುತ್ತದೆ. ಆ ತರಗತಿಯಲ್ಲಿ ಸರಿ ಉತ್ತರ ಇತ್ತು. ಮತ ಎಣಿಸಿದಾಗ ಮಾತ್ರ ಅದು ಸೊನ್ನೆ. ತಪ್ಪು ನನ್ನದೇ. ಕೈ ಎತ್ತಿಸುವ ಬದಲು ಚೀಟಿ ಕೊಡಬೇಕಿತ್ತು.

1999ರ ಆಟದಲ್ಲಿ ಜಗತ್ತು ಅಷ್ಟು ದಿನ ನಿಂತದ್ದು ತಲೆಗಳ ಸಂಖ್ಯೆಯಿಂದ ಎಂದು ನನಗೆ ಅನಿಸುವುದಿಲ್ಲ. ‘ಈ ನಡೆ ಆಡಿ’ ಎಂದವರನ್ನು ‘ಏಕೆ?’ ಎಂದು ಕೇಳಲು ಒಂದಿಡೀ ದಿನ ಸಿಗುತ್ತಿತ್ತು. ಕ್ರುಷ್ ಮತ್ತು ಅವಳ ಜೊತೆಗಾರರು ‘ಹೀಗೆ ಆಡಿದರೆ ಅವರು ಹಾಗೆ ಆಡುತ್ತಾರೆ’ ಎಂದು ಹತ್ತಾರು ದಾರಿಗಳನ್ನು ಬಿಡಿಸಿ ಬರೆಯುತ್ತಿದ್ದರು. ಎಲ್ಲೋ ಕುಳಿತ ಹೆಸರಿಲ್ಲದ ಆಟಗಾರ ಅದರಲ್ಲಿ ತಪ್ಪು ಹುಡುಕಿದರೆ ಅದನ್ನೂ ಪರಿಶೀಲಿಸುತ್ತಿದ್ದರು. ವಿಜ್ಞಾನಿಗಳು ಕೆಲಸ ಮಾಡುವುದೂ ಹೀಗೆಯೇ.

ಆ ಏರ್ಪಾಟು ಕೆಟ್ಟಾಗ ಏನಾಯಿತು ಎಂಬುದನ್ನೂ ಹೇಳಬೇಕು. ಕೊನೆಯ ಹಂತದಲ್ಲಿ ಎರಡೂ ಕಡೆ ಉಳಿದದ್ದು ರಾಜ, ಮಂತ್ರಿ, ಬೆರಳೆಣಿಕೆಯ ಕಾಲಾಳುಗಳು. 58ನೇ ನಡೆಯ ಹೊತ್ತಿಗೆ ಕ್ರುಷ್ ಸಲಹೆ ಸಕಾಲಕ್ಕೆ ಮತದಾರರನ್ನು ತಲುಪಲೇ ಇಲ್ಲ. ಬೇರೊಂದು ನಡೆ ಗೆದ್ದಿತು, ಸೋಲು ಹತ್ತಿರ ಬಂತು. (ಆಟ ಅದಕ್ಕೂ ಮುಂಚೆಯೇ ಕೈಜಾರಿತ್ತು ಎನ್ನುವ ಪಂಡಿತರೂ ಇದ್ದಾರೆ.) ಮರುನಡೆಯಲ್ಲಿ ಇನ್ನೂ ವಿಚಿತ್ರ. ಮಂತ್ರಿಯನ್ನು ಪುಕ್ಕಟೆ ಬಲಿ ಕೊಡುವ ಹುಚ್ಚು ನಡೆಗೆ ಮತಗಳ ರಾಶಿ ಬಿತ್ತು! ಸಿಟ್ಟಾದವರು, ಒಬ್ಬರೇ ಹಲವು ಮತ ಹಾಕಿದವರು ಸೇರಿ ಮಾಡಿದ ಕೆಲಸ. ನಡೆಸುತ್ತಿದ್ದವರು ಆ ಮತಗಳನ್ನು ರದ್ದು ಮಾಡಬೇಕಾಯಿತು. ಅಕ್ಟೋಬರ್ 22ರಂದು, ಕಾಸ್ಪರೋವ್ ತಮ್ಮ 62ನೇ ನಡೆ ಆಡಿದ ಮೇಲೆ, ಜಗತ್ತು ಮತ ಹಾಕಿಯೇ ಸೋಲು ಒಪ್ಪಿಕೊಂಡಿತು.

ಮುಂದೆಯೂ ಇಂಥ ಆಟಗಳು ನಡೆದಿವೆ. 2024ರಲ್ಲಿ ನಮ್ಮ ವಿಶ್ವನಾಥನ್ ಆನಂದ್ ಸುಮಾರು 70,000 ಜನರ ಎದುರು ಆಡಿ ಗೆದ್ದರು. 2025ರ ಏಪ್ರಿಲ್‌ನಲ್ಲಿ ನಾರ್ವೆಯ ಮ್ಯಾಗ್ನಸ್ ಕಾರ್ಲ್‌ಸನ್ ಸರದಿ. ಎದುರಿಗೆ 1,43,000ಕ್ಕೂ ಹೆಚ್ಚು ಜನ. ಕಾರ್ಲ್‌ಸನ್ ಆಡಿದ ಈ ಆಟದಲ್ಲಿ ಹಿಂದಿನ ಸಾಲಿನ ಕಾಯಿಗಳ ಜಾಗ ಅದಲುಬದಲಾಗಿತ್ತು. ಹಾಗಾಗಿ ಬಾಯಿಪಾಠ ಮಾಡಿದ ಆರಂಭದ ನಡೆಗಳು ಯಾರಿಗೂ ಉಪಯೋಗಕ್ಕೆ ಬರುವಂತಿರಲಿಲ್ಲ. ಕಾರ್ಲ್‌ಸನ್ ಆಟ 46 ದಿನ ನಡೆಯಿತು. ಕೊನೆಗೆ ಜನರು ಅವರ ರಾಜನಿಗೆ ಮತ್ತೆ ಮತ್ತೆ ಶಹ ಕೊಟ್ಟು, ಒಂದೇ ಸ್ಥಿತಿ ಮೂರು ಬಾರಿ ಮರುಕಳಿಸುವಂತೆ ಮಾಡಿ, ಆಟವನ್ನು ಡ್ರಾ ಮಾಡಿಸಿದರು. ಚಾಂಪಿಯನ್ ಗೆಲ್ಲಲಾಗಲಿಲ್ಲ!

ಇಂದು ಚಾಂಪಿಯನ್ನನನ್ನೂ ಮೀರಿಸುವ ಚದುರಂಗದ ತಂತ್ರಾಂಶ ಫೋನಿನಲ್ಲೇ ಸಿಗುತ್ತದೆ. ಅದನ್ನು ಕೇಳಿ ಮತ ಹಾಕಿದರೆ? ಅದು ಮುಂದಿನ ಬೆಂಚಿನ ಹುಡುಗನನ್ನು ನೋಡಿ ಕೈ ಎತ್ತಿದ ಹಾಗೆಯೇ, ಅಷ್ಟೆ. ಹುಡುಗ ಹೆಚ್ಚು ಜಾಣ ಎಂಬುದೊಂದೇ ವ್ಯತ್ಯಾಸ.

ನಿಮ್ಮ ಶಾಲೆಯಲ್ಲಿ ಇದನ್ನು ಆಡಬಹುದು. ನಮ್ಮ ಕಡೆಯ ಎಷ್ಟೋ ಶಾಲೆಗಳಿಗೆ ಶಹಾಬಾದಿನ ಪರಸಿ ಹಾಸಿದೆ, ಅದರ ಮೇಲೆ ಸೀಮೆಸುಣ್ಣದಿಂದ 64 ಮನೆ ಗೀಚಿ. ಕಾಯಿಗಳಿಲ್ಲದಿದ್ದರೆ ಹುಣಸೆ ಬೀಜ, ಬಳಪದ ಚೂರು, ಬಾಟಲಿ ಮುಚ್ಚಳ ಇಡಿ. ಒಂದು ಕಡೆ ಚೆನ್ನಾಗಿ ಆಡಬಲ್ಲ ಗುರುಗಳು, ಇನ್ನೊಂದು ಕಡೆ ಇಡೀ ತರಗತಿ. ದಿನಕ್ಕೊಂದು ನಡೆ. ಬೆಳಿಗ್ಗೆ ಪ್ರತಿಯೊಬ್ಬರೂ ಪಕ್ಕದವರಿಗೆ ತೋರಿಸದೆ ಚೀಟಿಯಲ್ಲಿ ತಮ್ಮ ನಡೆ ಬರೆಯಿರಿ. ಬಿಸಿಯೂಟದ ಬಿಡುವಿನಲ್ಲಿ ಚೀಟಿ ಬಿಚ್ಚಿ, ಪ್ರತಿ ನಡೆಗೂ ಕಾರಣ ಕೇಳಿ. ಒಬ್ಬರೇ ಬರೆದ ನಡೆ ಇದ್ದರೆ ಅವರಿಗೆ ಮೊದಲು ಮಾತನಾಡಲು ಬಿಡಿ. ಸಂಜೆ ಇನ್ನೊಮ್ಮೆ ಚೀಟಿಯಲ್ಲಿ ಮತ, ಒಬ್ಬರಿಗೆ ಒಂದೇ. ಬೆಳಿಗ್ಗೆ ಒಂದು ನಡೆ ಬರೆದು ಸಂಜೆ ಬೇರೆಯದಕ್ಕೆ ಮತ ಹಾಕಿದವರು ಎಷ್ಟು ಮಂದಿ ಎಂದು ದಿನವೂ ಎಣಿಸಿ, ವಹಿಯಲ್ಲಿ ಬರೆದಿಡಿ. ಆಟ ಗೆದ್ದಿರೋ ಸೋತಿರೋ ಎಂಬುದಕ್ಕಿಂತ ಆ ವಹಿಯನ್ನು ನೋಡುವ ಆಸೆ ನನಗೆ.