ಇಂಗ್ಲಿಷಿನಲ್ಲಿ ಏನು ಬಂತು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಪಾಲಕರೆಲ್ಲ ಕೇಳುವ ಪ್ರಶ್ನೆ ಒಂದೇ: "ಇಂಗ್ಲಿಷಿನ್ಯಾಗ ಎಷ್ಟು ಬಿದ್ದಾವ?" ಎಂಬತ್ತು, ತೊಂಬತ್ತು ಎಂದರೆ ಮನೆಯಲ್ಲಿ ಕರದಂಟು ಹಂಚುತ್ತಾರೆ. ಹಂಚಲಿ, ಸಂತೋಷದ ಮಾತೇ. ಆದರೆ ಅದೇ ಹುಡುಗಿ ಎರಡು ತಿಂಗಳ ನಂತರ ಪಿಯುಸಿ ವಿಜ್ಞಾನದ ವರ್ಗದಲ್ಲಿ ಕುಳಿತು, ಭೌತಶಾಸ್ತ್ರದ ಪುಸ್ತಕದ ಮೊದಲ ಪುಟವನ್ನೇ ದಾಟಲಾರದೆ ಒದ್ದಾಡುತ್ತಾಳೆ. "ನನಗ ವಿಜ್ಞಾನ ತಿಳಿಯೂದಿಲ್ಲ" ಎಂದು ಅಳುತ್ತಾಳೆ. ವಿಜ್ಞಾನ ಅವಳಿಗೆ ತಿಳಿದಿದೆ. ವೇಗೋತ್ಕರ್ಷ, ವಕ್ರೀಭವನ ಎಲ್ಲವನ್ನೂ ಕನ್ನಡದಲ್ಲಿ ಚೆನ್ನಾಗಿ ಬಲ್ಲಳು. ಬಾಗಿಲಿಗೆ ಬಿದ್ದಿರುವ ಬೀಗ ಭಾಷೆಯದು.

ಒಂದು ಸಣ್ಣ ಉದಾಹರಣೆ ನೋಡಿ. 'ಪವರ್' ಎಂಬ ಶಬ್ದ ನಮ್ಮ ಹಳ್ಳಿಯಲ್ಲಿ ಯಾರಿಗೆ ಗೊತ್ತಿಲ್ಲ? "ಪವರ್ ಹೋತು" ಎಂದರೆ ಲೈಟು ಹೋಯಿತು ಎಂದರ್ಥ. ಭೌತಶಾಸ್ತ್ರದಲ್ಲಿ ಅದೇ ಶಬ್ದ ಕೆಲಸ ನಡೆಯುವ ದರ, ನಮ್ಮ ಪಠ್ಯದ 'ಸಾಮರ್ಥ್ಯ'. ಗಣಿತಕ್ಕೆ ಹೋದರೆ ಅದೇ ಶಬ್ದ 'ಘಾತ'. ಶಬ್ದಾರ್ಥ ಬಾಯಿಪಾಠ ಮಾಡಿದ ಮಗುವಿಗೆ ಒಂದೇ ಅರ್ಥ ಗೊತ್ತು. ವಾಕ್ಯ ಓದಿ ಅರ್ಥ ಹಿಡಿಯಲು ಕಲಿತ ಮಗುವಿಗೆ ಮೂರೂ ಸಿಗುತ್ತವೆ.

ಸರಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ಇಯತ್ತೆಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಎಂದರೆ ಹತ್ತನೆಯ ಇಯತ್ತೆಗೆ ಬರುವ ಮಗು ಹತ್ತು ವರ್ಷ ಆ ಭಾಷೆಯ ಸಹವಾಸ ಮಾಡಿರುತ್ತದೆ. ಹಾಗಾದರೆ ತಪ್ಪುತ್ತಿರುವುದು ಎಲ್ಲಿ? ನನ್ನ ತಿಳುವಳಿಕೆಯಂತೆ, ನಾವು ಗುರಿ ಇಡುವಲ್ಲಿ.

ಪರಭಾಷೆ ಕಲಿಸುವ ತೊಡಕು ನಮಗಷ್ಟೇ ಇಲ್ಲ. ಫ್ರೆಂಚ್ ಕಲಿಯುವವರಿಗಾಗಿ 'ಡೆಲ್ಫ್' ಎಂಬ ಪರೀಕ್ಷೆ ಇದೆ. ಅದರಲ್ಲಿ ಕೇಳುವುದಕ್ಕೆ 25, ಓದುವುದಕ್ಕೆ 25, ಬರೆಯುವುದಕ್ಕೆ 25, ಮಾತನಾಡುವುದಕ್ಕೆ 25, ಹೀಗೆ 100 ಅಂಕ. ಪಾಸಾಗಲು 50 ಬೇಕು. ಜೊತೆಗೆ ನಾಲ್ಕರಲ್ಲಿ ಯಾವುದರಲ್ಲಿಯೂ 5ಕ್ಕಿಂತ ಕಡಿಮೆ ಬೀಳುವಂತಿಲ್ಲ. ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಭಾಷೆಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲು. ಮೂರನೆಯ ಮೆಟ್ಟಿಲು ಏರಿದವನು ಪರಿಚಿತ ವಿಷಯದ ಮುಖ್ಯ ಅಂಶ ಗ್ರಹಿಸಬೇಕು, ತನ್ನ ಅನುಭವ ಹೇಳಬೇಕು, ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬೇಕು. ನೋಡಿ, ಅಲ್ಲಿ ಎಷ್ಟು ಪಾಠ ಮುಗಿಯಿತು ಎಂಬ ಮಾತಿಲ್ಲ. ಏನು ಮಾಡಬಲ್ಲೆ ಎಂಬುದಷ್ಟೇ ಪ್ರಶ್ನೆ.

ನಮ್ಮ ದ್ವಿತೀಯ ಭಾಷೆಯ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಹೀಗಾಗಿ ಕಿವಿ ಮತ್ತು ಬಾಯಿ ಹಿಂದೆ ಬೀಳುತ್ತವೆ. ಪದ್ಧತಿ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಜೂನ್‌ನಲ್ಲಿಯೇ ವಹಿಯ ಮೊದಲ ಪುಟದಲ್ಲಿ ನಾಲ್ಕು ಗುರಿ ಬರೆದಿಡಿ.

ಒಂದು, ಕೇಳುವುದು. ಐದು ನಿಮಿಷದ ಇಂಗ್ಲಿಷ್ ವಾರ್ತೆ ಕೇಳಿ, ಅದರ ಸಾರಾಂಶವನ್ನು ಕನ್ನಡದಲ್ಲಿ ಹೇಳಬಲ್ಲೆನೇ?

ಎರಡು, ಓದುವುದು. ಹೊಸ ಪುಟವೊಂದನ್ನು ಶಬ್ದಕೋಶ ಇಟ್ಟುಕೊಂಡು ಓದಿ, ಮೂರು ಮುಖ್ಯ ಸಂಗತಿ ಹೆಕ್ಕಬಲ್ಲೆನೇ? ವಿಜ್ಞಾನದ ಶಬ್ದಗಳಿಗೆ ಬೇರೆ ವಹಿ ಇರಲಿ. ಒಂದು ಕಡೆ ಕನ್ನಡ ಶಬ್ದ, ಇನ್ನೊಂದು ಕಡೆ ಇಂಗ್ಲಿಷ್ ಶಬ್ದ, ಕೆಳಗೆ ಸ್ವಂತದ ಒಂದು ವಾಕ್ಯ.

ಮೂರು, ಮಾತು. ಬಾಯಿಪಾಠವಿಲ್ಲದೆ ಎರಡು ನಿಮಿಷ ಮಾತನಾಡಬಲ್ಲೆನೇ? ವಿಷಯಕ್ಕೆ ದೂರ ಹೋಗಬೇಡಿ. ಹುಕ್ಕೇರಿಯ ಮಕ್ಕಳು ಘಟಪ್ರಭೆಗೆ ಕಟ್ಟಿದ ಹಿಡಕಲ್ ಅಣೆಕಟ್ಟಿನ ಬಗ್ಗೆ ಹೇಳಲಿ. ಮೂಡಲಗಿಯವರು ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಬೆಲ್ಲವಾಗುವ ಬಗೆಯನ್ನು ಹೇಳಲಿ.

ನಾಲ್ಕು, ಬರವಣಿಗೆ. ಮಾಡಿದ ಪ್ರಯೋಗವನ್ನು ಅರ್ಧ ಪುಟದಲ್ಲಿ ಸ್ವಂತ ವಾಕ್ಯಗಳಲ್ಲಿ ಬರೆಯಬಲ್ಲೆನೇ? ಗೋಕಾಕ ಫಾಲ್ಸಿನಲ್ಲಿ ನೀರು ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಒಂದು ಕಿಲೋಗ್ರಾಂ ನೀರಿನಲ್ಲಿ ಆ ಎತ್ತರದಿಂದಾಗಿ ಇರುವ ಶಕ್ತಿ ಸುಮಾರು 510 ಜೂಲ್. ಲೆಕ್ಕವನ್ನು ಬಿಡಿಸಿ, ನಂತರ ಅದನ್ನು ಐದು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ. ಭಾಷೆಯೂ ಬಂತು, ಭೌತಶಾಸ್ತ್ರವೂ ಬಂತು.

"ಸರ್, ವರ್ಗದಲ್ಲಿ ಮಾತನಾಡಲು ಸಮಯವೆಲ್ಲಿ?" ಎಂದು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆ. 40 ನಿಮಿಷದ ಅವಧಿ, 60 ಮಕ್ಕಳು. ಒಬ್ಬೊಬ್ಬರಾಗಿ ಎದ್ದು ನಿಂತರೆ ತಲೆಗೆ 40 ಸೆಕೆಂಡು. ಆದರೆ ಇಬ್ಬಿಬ್ಬರ ಜೋಡಿ ಮಾಡಿ ಹತ್ತು ನಿಮಿಷ ಬಿಟ್ಟರೆ ಪ್ರತಿಯೊಬ್ಬರಿಗೂ ಐದು ನಿಮಿಷ ಸಿಗುತ್ತದೆ. ಗದ್ದಲವಾಗುತ್ತದೆ, ಆಗಲಿ. ತಪ್ಪುಗಳೂ ಆಗುತ್ತವೆ. ನೀರಿಗೆ ಇಳಿಯದೆ ಈಜು ಬರುವುದಿಲ್ಲ. ಸಂಕೇಶ್ವರದ ಪೇಟೆಯನ್ನೇ ನೋಡಿ. ಒಂದು ಗಿರಾಕಿಗೆ ಕನ್ನಡ, ಮರುಕ್ಷಣ ಇನ್ನೊಬ್ಬರಿಗೆ ಮರಾಠಿ. ಆ ಅಂಗಡಿಕಾರ ಮರಾಠಿ ವ್ಯಾಕರಣ ಓದಿ ಮಾತಿಗೆ ಇಳಿದವನಲ್ಲ, ವ್ಯಾಪಾರಕ್ಕೆ ಬೇಕಾಗಿ ಆಡುತ್ತ ಆಡುತ್ತ ಕಲಿತವನು.

ಪಾಲಕರಿಗೆ ಎರಡು ಮಾತು. "ನಮಗ ಇಂಗ್ಲಿಷ್ ಬರೂದಿಲ್ಲ, ನಾವೇನು ನೋಡೂನು?" ಎಂದು ಕೈಚೆಲ್ಲಬೇಡಿ. ಸಂಜೆ ಮಗುವನ್ನು ಹತ್ತಿರ ಕೂಡ್ರಿಸಿಕೊಂಡು, "ಇವತ್ತಿನ ಇಂಗ್ಲಿಷ್ ಪಾಠದಾಗ ಏನಿತ್ತು, ನನಗ ಕನ್ನಡದಾಗ ಹೇಳು" ಎಂದು ಕೇಳಿ. ತಡವರಿಸದೆ ಹೇಳಿದರೆ ತಿಳಿದಿದೆ, ಗೈಡಿನ ಉತ್ತರ ಒಪ್ಪಿಸಿದರೆ ತಿಳಿದಿಲ್ಲ. ಇದಕ್ಕಿಂತ ಒಳ್ಳೆಯ ಮನೆಪರೀಕ್ಷೆ ಇನ್ನೊಂದಿಲ್ಲ, ಇದಕ್ಕೆ ಖರ್ಚೂ ಇಲ್ಲ.

ಎರಡನೆಯ ಮಾತು, ಇಂಗ್ಲಿಷ್ ಬರಲೆಂದು ಕನ್ನಡವನ್ನು ಬಿಡಿಸಬೇಡಿ. ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು 1981ರಲ್ಲಿ ವರದಿ ಕೊಟ್ಟ ಸಮಿತಿಯ ಅಧ್ಯಕ್ಷರು ಡಾ. ವಿ. ಕೃ. ಗೋಕಾಕರು. ಹೆಸರಿನಲ್ಲಿ ನಮ್ಮ ಊರಿದೆಯಾದರೂ ಅವರು ಹುಟ್ಟಿದ್ದು ಸವಣೂರಿನಲ್ಲಿ. ಅವರು ಆಕ್ಸ್‌ಫರ್ಡಿನಲ್ಲಿ ಓದಿ ಬಂದ ಇಂಗ್ಲಿಷ್ ಪ್ರಾಧ್ಯಾಪಕರು, ಕನ್ನಡದ ಕಾವ್ಯಕ್ಕೆ ಜ್ಞಾನಪೀಠ ಪಡೆದವರು. ಒಂದು ತಲೆಯಲ್ಲಿ ಎರಡು ಭಾಷೆ ಜಗಳವಿಲ್ಲದೆ ಇರಬಲ್ಲವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ವಕ್ರೀಭವನ ಎಂದರೇನೆಂದು ಕನ್ನಡದಲ್ಲಿ ತಿಳಿದ ಮಗು ಇಂಗ್ಲಿಷಿನಲ್ಲಿ ಕಲಿಯಬೇಕಾದದ್ದು ಒಂದು ಹೊಸ ಶಬ್ದ ಮಾತ್ರ. ಯಾವ ಭಾಷೆಯಲ್ಲಿಯೂ ತಿಳಿಯದ ಮಗುವಿಗೆ ಅದೂ ಇಲ್ಲ, ಇದೂ ಇಲ್ಲ.

ವಿದ್ಯಾರ್ಥಿಗಳೇ, ಪ್ರತಿ ತಿಂಗಳ ಕೊನೆಯ ರವಿವಾರ ಆ ಮೊದಲ ಪುಟ ತೆರೆದು ನಾಲ್ಕೂ ಪ್ರಶ್ನೆಗಳನ್ನು ನಿಮಗೆ ನೀವೇ ಕೇಳಿಕೊಳ್ಳಿ. 'ಹೌದು' ಎನ್ನಬಹುದಾದ ಗುರಿಯ ಮುಂದೆ ಗುರುತು ಹಾಕಿ. ಮಾರ್ಚ್ ಬರುವಷ್ಟರಲ್ಲಿ ನಾಲ್ಕಕ್ಕೂ ಗುರುತು ಬಿದ್ದಿದ್ದರೆ ಅಂಕಗಳ ಚಿಂತೆ ನಿಮಗೆ ಬೇಡ, ಜೂನ್‌ನ ಆ ಭೌತಶಾಸ್ತ್ರದ ಮೊದಲ ಪುಟದ ಅಂಜಿಕೆಯೂ ಬೇಡ.