ಹಳ್ಳಿಗೆ ಗಡುವು, ಉಲ್ಲಂಘಿಸಿದವರಿಗೆ ಕ್ಷಮೆ

ಒಂದೇ ನಾಡಿನ ಕಾಯಿದೆಗೆ ಎರಡು ಗಡಿಯಾರಗಳಿರಲು ಸಾಧ್ಯವೇ? 2025ರ ನವೆಂಬರ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ಎರಡು ತೀರ್ಪುಗಳನ್ನು ಜೊತೆಗಿಟ್ಟು ಓದಿದವರಿಗೆ ಈ ಪ್ರಶ್ನೆ ಏಳದೆ ಇರದು.

ಮೊದಲನೆಯದು ಗುಜರಾತಿನ ತಲ್ಲಿ ಗ್ರಾಮ ಪಂಚಾಯಿತಿಯದು. ಸುಣ್ಣಕಲ್ಲು ಗಣಿಗೆ ದೊರೆತ ಪರಿಸರ ಅನುಮತಿಯನ್ನು ಅದು ಹಸಿರು ನ್ಯಾಯಮಂಡಳಿಯಲ್ಲಿ ಪ್ರಶ್ನಿಸಿತ್ತು. 2010ರ ಹಸಿರು ನ್ಯಾಯಮಂಡಳಿ ಕಾಯಿದೆಯ 16ನೆಯ ಕಲಮಿನಂತೆ ಮೇಲ್ಮನವಿಗೆ 30 ದಿನ. ಸಕಾರಣವಿದ್ದರೆ ಮತ್ತೆ 60 ದಿನ. ಅದರಾಚೆಗೆ ಒಂದು ದಿನವೂ ಇಲ್ಲ. ಅನುಮತಿಯನ್ನು ಸಾರಬೇಕಾದವರು ಹಲವರಿದ್ದರೆ, ಯಾರು ಮೊದಲು ಸಾರಿದರೋ ಆ ದಿನದಿಂದಲೇ ಎಣಿಕೆ ಎಂದಿತು ನ್ಯಾಯಾಲಯ. ಮನವಿ ತಡವಾಗಿತ್ತು, ಬಾಗಿಲು ಮುಚ್ಚಿತು.

ಎರಡನೆಯದು 'ವನಶಕ್ತಿ' ಪ್ರಕರಣ. ಮೊದಲು ಕೆಲಸ, ಆಮೇಲೆ ಅನುಮತಿ ಎಂಬ ಪದ್ಧತಿಗೆ ದಾರಿ ತೆರೆದ 2017ರ ಅಧಿಸೂಚನೆಯನ್ನೂ 2021ರ ಕಚೇರಿ ಜ್ಞಾಪನವನ್ನೂ 2025ರ ಮೇ 16ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠ ರದ್ದುಗೊಳಿಸಿತ್ತು. ನವೆಂಬರ್ 18ರಂದು ಮೂವರ ಪೀಠ ಬಹುಮತದಿಂದ ಆ ತೀರ್ಪನ್ನೇ ಹಿಂದಕ್ಕೆ ಪಡೆಯಿತು. ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಒಬ್ಬರೇ ಭಿನ್ನಮತ ಬರೆದರು. ಹಿಂದಿನ ಕೆಲವು ತೀರ್ಪುಗಳು ಗಮನಕ್ಕೆ ಬಂದಿರಲಿಲ್ಲ, ಸುಮಾರು 20,000 ಕೋಟಿ ರೂಪಾಯಿಗಳ ಸಾರ್ವಜನಿಕ ಕಾಮಗಾರಿಗಳನ್ನು ಕೆಡವಬೇಕಾಗುತ್ತದೆ ಎಂಬುದು ಬಹುಮತದ ವಾದ.

ಕಟ್ಟಿದ ಆಸ್ಪತ್ರೆಯನ್ನು ಕೆಡವುವುದು ನಷ್ಟವೇ, ಒಪ್ಪೋಣ. ಆದರೆ ಅನುಮತಿಯಿಲ್ಲದೆ ಅಡಿಪಾಯ ಹಾಕಿಸಿದ ಅಧಿಕಾರಿಯ ಹೊಣೆ ಎಲ್ಲಿ ಹೋಯಿತು? ಗುಡ್ಡ ಕಡಿದ ಮೇಲೆ ನಡೆಸುವ ಪರಿಣಾಮ ಅಧ್ಯಯನ ಶವಪರೀಕ್ಷೆಯಲ್ಲದೆ ಮತ್ತೇನು? ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವುದಕ್ಕೆ ನ್ಯಾಯವೆಂಬ ಹೆಸರು ಸಲ್ಲದು. ದಂಡ ತೆತ್ತು ತಡವಾಗಿ ಬಂದ ಉದ್ಯಮಿಗೆ ದಾರಿಯುಂಟು. ತಡವಾಗಿ ಬಂದ ಪಂಚಾಯಿತಿಗಿಲ್ಲ. ನಮ್ಮ ತಕರಾರು ಕಾಲಮಿತಿಯ ಮೇಲಲ್ಲ, ಈ ಪಕ್ಷಪಾತದ ಮೇಲೆ.

ಆದರೆ ವಕೀಲ ಮಿತ್ರರೇ, ದೂರನ್ನೆಲ್ಲ ದೆಹಲಿಗೆ ಕಳುಹಿಸಿ ಕೈತೊಳೆದುಕೊಳ್ಳುವಂತಿಲ್ಲ. ಮಲೆನಾಡಿನ ರೈತ ಮೊದಲು ಹತ್ತುವುದು ತಾಲ್ಲೂಕು ನ್ಯಾಯಾಲಯದ ಮೆಟ್ಟಿಲು. ಅಲ್ಲಿ ಅಭ್ಯಾಸಬಲದಿಂದ ತಡೆಯಾಜ್ಞೆಯ ದಾವೆ ಹೂಡುತ್ತೇವೆ. ನ್ಯಾಯಮಂಡಳಿ ತೀರ್ಮಾನಿಸಬೇಕಾದ ವ್ಯಾಜ್ಯಗಳಿಗೆ ಅದೇ ಕಾಯಿದೆಯ 29ನೆಯ ಕಲಮು ಸಿವಿಲ್ ನ್ಯಾಯಾಲಯವನ್ನು ನಿರ್ಬಂಧಿಸಿದೆ. ಅಧಿಕಾರ ವ್ಯಾಪ್ತಿಯ ವಾದ ಮುಗಿಯುವಷ್ಟರಲ್ಲಿ 90 ದಿನಗಳೂ ಕಳೆದಿರುತ್ತವೆ. ಸೋತವನು ಕಕ್ಷಿದಾರ, ಸೋಲಿಸಿದ್ದು ನಮ್ಮ ಅಲಕ್ಷ್ಯ.

ಪರಿಸರ ಅನುಮತಿಯ ಪ್ರತಿಯನ್ನು ಯೋಜನೆಯವರು ಪಂಚಾಯಿತಿಗೆ ತಲುಪಿಸಬೇಕು, ಪಂಚಾಯಿತಿ ಅದನ್ನು 30 ದಿನ ಪ್ರದರ್ಶಿಸಬೇಕು ಎಂಬ ನಿಯಮ ಇದೆ. ಆ ಸೂಚನಾ ಫಲಕವನ್ನು ಓದುವವರು ಯಾರು? ಪ್ರತಿ ತಾಲ್ಲೂಕಿನ ವಕೀಲರ ಸಂಘದಲ್ಲಿ ಇಬ್ಬರಾದರೂ ಈ ಕೆಲಸ ವಹಿಸಿಕೊಳ್ಳಲಿ. ಸಚಿವಾಲಯದ ಜಾಲತಾಣವನ್ನು ವಾರಕ್ಕೊಮ್ಮೆ ನೋಡಲಿ. ಪತ್ರಿಕಾ ಪ್ರಕಟಣೆಗಳನ್ನು ದಿನಾಂಕ ಸಹಿತ ಕತ್ತರಿಸಿಡಲಿ. ಇಂಗ್ಲಿಷಿನ ಷರತ್ತುಗಳನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿವರಿಸಲಿ. ಮೂವತ್ತನೆಯ ದಿನಕ್ಕೆ ಮುನ್ನ ಚೆನ್ನೈನ ದಕ್ಷಿಣ ಪೀಠಕ್ಕೆ ಮನವಿ ಸಲ್ಲಿಸಲಿ.

ಬುಲ್ಡೋಜರು ಊರಿಗೆ ಬರುವ ಮೊದಲು ವಕೀಲರು ಬರಬೇಕು. ಕಡಿದ ಮರಕ್ಕೆ ಯಾವ ಪೀಠವೂ ತಡೆಯಾಜ್ಞೆ ಕೊಡಲಾರದು.